ಪ್ರವೇಶದ ಮೇಜಿನ ಮುಂದೆ: ಲಿಂಗತ್ವ ಅಲ್ಪಸಂಖ್ಯಾತ ವಿದ್ಯಾರ್ಥಿಗಳ ಕಾಲೇಜು ಪ್ರವೇಶ ಮತ್ತು ನಮ್ಮ ಪಾಲನಾ ಹೊಣೆ

ಕೆಲವು ವರ್ಷಗಳ ಹಿಂದೆ, ಕ್ರೈಸ್ತ ಆಡಳಿತದ ಪದವಿ ಕಾಲೇಜೊಂದರ ಪ್ರವೇಶ ಸಮಿತಿಯಲ್ಲಿ ನಾನೂ ಒಬ್ಬ ಸದಸ್ಯನಾಗಿದ್ದೆ. ಪಿಯುಸಿ ಫಲಿತಾಂಶ ಬಂದು ಅರ್ಜಿಗಳ ರಾಶಿ ಬಿದ್ದಿದ್ದ ದಿನಗಳು. ಒಂದು ಮಧ್ಯಾಹ್ನ ವಿದ್ಯಾರ್ಥಿಯೊಬ್ಬರು ತಮ್ಮ ಅಜ್ಜಿಯೊಡನೆ ಬಂದು ಮೇಜಿನ ಮುಂದೆ ನಿಂತರು. ಅಂಕಪಟ್ಟಿಯಲ್ಲಿದ್ದುದು ಹುಡುಗನ ಹೆಸರು. ಎದುರಿಗೆ ನಿಂತವರು ಚೂಡಿದಾರ ಧರಿಸಿದ್ದರು. ಅರ್ಜಿಯಲ್ಲಿ ಅವರೇ ಬರೆದುಕೊಂಡಿದ್ದ ಹೆಸರು ಬೇರೆಯಾಗಿತ್ತು. ಅಂಕಗಳು ಚೆನ್ನಾಗಿದ್ದವು. ಗುಮಾಸ್ತರು ನನ್ನ ಮುಖ ನೋಡಿದರು. ನಾನು ಕಠೋರವಾಗಿ ಏನನ್ನೂ ನುಡಿಯಲಿಲ್ಲ. "ದಾಖಲೆಗಳನ್ನೆಲ್ಲ ಸರಿಪಡಿಸಿಕೊಂಡು ಬನ್ನಿ" ಎಂದೆನಷ್ಟೆ. ಅಜ್ಜಿ ಕೇಳಿದರು: "ಎಲ್ಲಿ ಸರಿಪಡಿಸ್ಕೋಬೇಕು ಸ್ವಾಮಿ?" ನನಗೆ ಉತ್ತರ ತಿಳಿದಿರಲಿಲ್ಲ. ಕೊನೆಯ ದಿನಾಂಕಕ್ಕೆ ನಾಲ್ಕು ದಿನಗಳು ಉಳಿದಿದ್ದವು. ಅವರು ಮತ್ತೆ ಬರಲಿಲ್ಲ.

ಆ ಅಜ್ಜಿಯ ಪ್ರಶ್ನೆಗೆ ಅಂದು ನಾನು ಕೊಡಲಾಗದ ಉತ್ತರವೇ ಈ ಲೇಖನ. ಲಿಂಗತ್ವದ ಕುರಿತ ಚರ್ಚೆ ಗುರುಮಠದ ತರಗತಿಗಳಲ್ಲಿ ಬಂದಾಗ ನಾವು ಸಾಮಾನ್ಯವಾಗಿ ಮಾನವಶಾಸ್ತ್ರೀಯ ಸಿದ್ಧಾಂತಗಳಿಂದ ಆರಂಭಿಸುತ್ತೇವೆ. ಅದು ಅಗತ್ಯವೇ. ಆದರೆ ಯಾಜಕರಾಗಿ, ಕಾಲೇಜುಗಳ ಸಂಚಾಲಕರಾಗಿ, ಹಾಸ್ಟೆಲ್ ವಾರ್ಡನ್ನರಾಗಿ ನಮ್ಮ ಮುಂದೆ ಬರುವುದು ಸಿದ್ಧಾಂತವಲ್ಲ, ಕೈಯಲ್ಲಿ ಅರ್ಜಿ ಹಿಡಿದ ಒಬ್ಬ ವ್ಯಕ್ತಿ. ಸಿದ್ಧಾಂತದ ಬಗ್ಗೆ ಧರ್ಮಸಭೆಗೆ ಸ್ಪಷ್ಟವಾದ ಬೋಧನೆಯಿದೆ. ಆದರೆ ಆ ಬೋಧನೆ ಯಾರನ್ನೂ ಶಿಕ್ಷಣದ ಬಾಗಿಲಿನಿಂದ ಹಿಂದಕ್ಕೆ ಕಳುಹಿಸಲು ಕಾರಣವಾಗದು, ಕಾರಣವಾಗಕೂಡದು. ಈ ಮಾತನ್ನು ದಾಖಲೆ, ಕಾನೂನು, ಬೋಧನೆ, ಪವಿತ್ರ ಗ್ರಂಥ ಎಂಬ ಕ್ರಮದಲ್ಲಿ ವಿವರಿಸಲು ಯತ್ನಿಸುತ್ತೇನೆ.

1. ನಾವು ಯಾರ ಕುರಿತು ಮಾತನಾಡುತ್ತಿದ್ದೇವೆ?

ಹುಟ್ಟಿದಾಗ ಗುರುತಿಸಲಾದ ಲಿಂಗಕ್ಕೂ ತಾವು ಒಳಗೆ ಅರಿತುಕೊಂಡ ಲಿಂಗತ್ವಕ್ಕೂ ಹೊಂದಿಕೆಯಾಗದವರನ್ನು ಟ್ರಾನ್ಸ್‌ಜೆಂಡರ್ ಎಂದು ಕರೆಯುತ್ತಾರೆ. ತಮ್ಮನ್ನು ಗಂಡು ಅಥವಾ ಹೆಣ್ಣು ಎಂಬ ಎರಡು ವರ್ಗಗಳಲ್ಲಿ ಯಾವುದಕ್ಕೂ ಪೂರ್ಣವಾಗಿ ಸೇರಿಸಿಕೊಳ್ಳದವರು ನಾನ್-ಬೈನರಿ ಎಂಬ ಪದವನ್ನು ಬಳಸುತ್ತಾರೆ. ಹುಟ್ಟಿನಿಂದಲೇ ದೇಹರಚನೆಯಲ್ಲಿ ಎರಡೂ ಲಿಂಗಗಳ ಲಕ್ಷಣಗಳಿರುವ ಅಂತರಲಿಂಗಿಗಳು ಬೇರೊಂದು ಗುಂಪು. ಈ ಮೂರನ್ನೂ ಒಂದೇ ಎಂದು ತಿಳಿಯುವುದು ನಮ್ಮಲ್ಲಿ ಸಾಮಾನ್ಯ ತಪ್ಪು. ಕರ್ನಾಟಕದ ಸರ್ಕಾರಿ ಬಳಕೆಯಲ್ಲಿ ಇವರೆಲ್ಲರಿಗೂ 'ಲಿಂಗತ್ವ ಅಲ್ಪಸಂಖ್ಯಾತರು' ಎಂಬ ಪದ ರೂಢಿಗೆ ಬಂದಿದೆ. ಅದು ಯಾರನ್ನೂ ಹೀನಾಯಿಸದ ಪದವಾದ್ದರಿಂದ ಇಲ್ಲಿಯೂ ಅದನ್ನೇ ಬಳಸಿದ್ದೇನೆ.

2011ರ ಜನಗಣತಿಯಲ್ಲಿ ಗಂಡು, ಹೆಣ್ಣು ಎಂಬ ಎರಡನ್ನೂ ಬಿಟ್ಟು 'ಇತರೆ' ಎಂದು ದಾಖಲಾದವರು ದೇಶದಲ್ಲಿ 4,87,803 ಮಂದಿ. ಕರ್ನಾಟಕದಲ್ಲಿ 20,266 ಮಂದಿ. ಗಣತಿದಾರರ ಮುಂದೆ ಹೇಳಿಕೊಳ್ಳಲು ಹಿಂಜರಿದವರು ಈ ಲೆಕ್ಕದಲ್ಲಿ ಇಲ್ಲ. ಇವರಲ್ಲಿ ಬಹಳಷ್ಟು ಜನರ ಓದು ಪ್ರೌಢಶಾಲೆಯ ಆಸುಪಾಸಿನಲ್ಲಿ ನಿಂತುಹೋಗುತ್ತದೆ. 2021ರಲ್ಲಿ ಪದ್ಮಶ್ರೀ ಪಡೆದ, ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾಗಿದ್ದ ಮಂಜಮ್ಮ ಜೋಗತಿಯವರ ಶಾಲಾ ಓದು ಹತ್ತನೆಯ ತರಗತಿಗಿಂತ ಮುಂದೆ ಹೋಗಲಿಲ್ಲ. ಅವರ ಪ್ರತಿಭೆ ಜೋಗತಿ ನೃತ್ಯದ ಮೂಲಕ ಲೋಕಕ್ಕೆ ತಿಳಿಯಿತು. ಅಂಥ ದಾರಿ ದೊರೆಯದವರ ಪ್ರತಿಭೆ ಏನಾಯಿತೆಂದು ಯಾರಿಗೂ ತಿಳಿಯದು. ಆದುದರಿಂದ ಪಿಯುಸಿ ಮುಗಿಸಿ ಪದವಿಗೆ ಅರ್ಜಿ ಹಾಕುವ ಹಂತಕ್ಕೆ ಬಂದ ವಿದ್ಯಾರ್ಥಿ ಆಗಲೇ ಅನೇಕ ಬಾಗಿಲುಗಳನ್ನು ದಾಟಿ ಬಂದವರೆಂಬುದನ್ನು ನೆನಪಿಡಬೇಕು.

2. ಅರ್ಜಿಯ ಹಾದಿಯಲ್ಲಿರುವ ಮುಳ್ಳುಗಳು

ಪದವಿ ಪ್ರವೇಶಕ್ಕೆ ಒಬ್ಬ ವಿದ್ಯಾರ್ಥಿ ಏನೇನು ತರಬೇಕು? ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಪಿಯುಸಿ ಅಂಕಪಟ್ಟಿ, ವರ್ಗಾವಣೆ ಪತ್ರ, ಆಧಾರ್, ಜಾತಿ ಮತ್ತು ಆದಾಯ ಪ್ರಮಾಣಪತ್ರ, ಭಾವಚಿತ್ರಗಳು. ರಾಜ್ಯದ ಸಾರ್ವಜನಿಕ ವಿಶ್ವವಿದ್ಯಾಲಯಗಳಿಗೆ ಸೇರಿದ ಕಾಲೇಜುಗಳಲ್ಲಿ ಯುಯುಸಿಎಂಎಸ್ ಜಾಲತಾಣದ ಮೂಲಕ ನೋಂದಣಿಯಾಗಬೇಕು. ವಿದ್ಯಾರ್ಥಿವೇತನಕ್ಕೆ ರಾಜ್ಯ ವಿದ್ಯಾರ್ಥಿವೇತನ ತಂತ್ರಾಂಶದಲ್ಲಿ ಮತ್ತೊಂದು ಅರ್ಜಿ. ಈ ವ್ಯವಸ್ಥೆಯೆಲ್ಲ ನಿಂತಿರುವುದು ಒಂದು ನಂಬಿಕೆಯ ಮೇಲೆ: ಎಲ್ಲ ದಾಖಲೆಗಳಲ್ಲಿಯೂ ಹೆಸರು ಒಂದೇ, ಲಿಂಗ ಒಂದೇ, ಮುಖ ಒಂದೇ. ಒಂದಕ್ಷರ ವ್ಯತ್ಯಾಸವಾದರೂ ಎಷ್ಟು ಅಲೆದಾಟವೆಂಬುದು ನಮಗೆಲ್ಲ ಗೊತ್ತಿದೆ. ಹೆಸರೇ ಬೇರೆಯಾದಾಗ?

ತಿದ್ದುಪಡಿಗೆ ಒಂದು ಕ್ರಮವಿದೆ. ಮೊದಲು ಜಿಲ್ಲಾ ದಂಡಾಧಿಕಾರಿಗಳಿಂದ, ಅಂದರೆ ಜಿಲ್ಲಾಧಿಕಾರಿಗಳಿಂದ, ಗುರುತಿನ ಪ್ರಮಾಣಪತ್ರ ಪಡೆಯಬೇಕು. 2020ರ ನಿಯಮಗಳು ಬಂದ ಮೇಲೆ ಇದಕ್ಕಾಗಿ ರಾಷ್ಟ್ರೀಯ ಜಾಲತಾಣವೊಂದನ್ನು ತೆರೆಯಲಾಯಿತು. ಪ್ರಮಾಣಿತ ಹೇಳಿಕೆಯೊಡನೆ ಅಲ್ಲಿ ಅರ್ಜಿ ಸಲ್ಲಿಸಬಹುದು. ಆ ನಿಯಮಗಳ ಪ್ರಕಾರ ದೈಹಿಕ ಪರೀಕ್ಷೆಯಿಲ್ಲದೆ, 30 ದಿನಗಳ ಒಳಗೆ ಪ್ರಮಾಣಪತ್ರ ದೊರೆಯಬೇಕು. ಅದನ್ನು ತೋರಿಸಿ ಹೆಸರಿನ ಬದಲಾವಣೆಗೆ ಕೇಳಿದಾಗ ಸಂಬಂಧಿಸಿದ ಪ್ರಾಧಿಕಾರಗಳು, ಶಿಕ್ಷಣ ಮಂಡಳಿಗಳೂ ಸೇರಿದಂತೆ, 15 ದಿನಗಳ ಒಳಗೆ ದಾಖಲೆಗಳನ್ನು ತಿದ್ದಿಕೊಡಬೇಕು. 2024ರ ಡಿಸೆಂಬರ್‌ನಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯವು ಜನನ ಪ್ರಮಾಣಪತ್ರದ ವಿಷಯದಲ್ಲಿಯೂ ಇಂಥ ಬದಲಾವಣೆಗೆ ದಾರಿಮಾಡಿಕೊಟ್ಟಿದೆ. ಕಾನೂನು ಕಾಲಕಾಲಕ್ಕೆ ತಿದ್ದುಪಡಿಯಾಗುವುದರಿಂದ ಪ್ರತಿ ವರ್ಷ ಪ್ರವೇಶಕ್ಕೆ ಮುಂಚೆ ಚಾಲ್ತಿಯಲ್ಲಿರುವ ನಿಯಮವನ್ನು ಕಾಲೇಜು ನೋಡಿಕೊಳ್ಳುವುದು ಒಳಿತು.

ಲೆಕ್ಕ ಹಾಕಿ ನೋಡಿ. ಎಲ್ಲವೂ ನಿಯಮದಂತೆಯೇ ನಡೆದರೂ ಒಂದೂವರೆ ತಿಂಗಳು ಬೇಕು. ಪ್ರವೇಶದ ಅವಧಿ ಅಷ್ಟು ದೀರ್ಘವಲ್ಲ. "ಸರಿಪಡಿಸಿಕೊಂಡು ಬನ್ನಿ" ಎಂಬ ನನ್ನ ಸೌಜನ್ಯದ ಮಾತಿನ ನಿಜವಾದ ಅರ್ಥ "ಈ ವರ್ಷ ಬರಬೇಡಿ" ಎಂದೇ ಆಗಿತ್ತು.

ಇನ್ನೂ ಕಠಿಣವಾದ ವಿಷಯವೊಂದಿದೆ. ಹದಿನೆಂಟು ತುಂಬದವರ ಪರವಾಗಿ ತಂದೆತಾಯಿ ಅಥವಾ ಪೋಷಕರೇ ಅರ್ಜಿ ಸಲ್ಲಿಸಬೇಕೆಂದು ಕಾಯಿದೆ ಹೇಳುತ್ತದೆ. ಪಿಯುಸಿ ಮುಗಿಸುವ ಅನೇಕರಿಗೆ ಹದಿನೇಳೇ ವಯಸ್ಸು. ಮನೆಯವರು ಒಪ್ಪದಿದ್ದರೆ, ಅಥವಾ ಮನೆಯಿಂದಲೇ ಹೊರಹಾಕಿದ್ದರೆ, ಆ ವಿದ್ಯಾರ್ಥಿ ಹಳೆಯ ಹೆಸರಿನ ದಾಖಲೆಗಳನ್ನೇ ಹಿಡಿದು ಬರಬೇಕಾಗುತ್ತದೆ, ಬೇರೆ ದಾರಿಯಿಲ್ಲ. ಹಾಗಾದರೆ ಕಾಲೇಜು ಮಾಡಬೇಕಾದುದೇನು? ಇರುವ ದಾಖಲೆಗಳ ಆಧಾರದ ಮೇಲೆಯೇ ಪ್ರವೇಶ ನೀಡಿ, ತಿದ್ದುಪಡಿಗೆ ಕಾಲಾವಕಾಶ ಕೊಟ್ಟು, ತಿದ್ದಿದ ದಾಖಲೆ ಬಂದಾಗ ವಿಶ್ವವಿದ್ಯಾಲಯಕ್ಕೆ ತಾನೇ ಪತ್ರ ಬರೆಯುವುದು. ವಿವಾಹದ ನಂತರ ಹೆಸರು ಬದಲಾದ ವಿದ್ಯಾರ್ಥಿನಿಯರಿಗಾಗಿ ನಮ್ಮ ಕಚೇರಿಗಳು ಇಂಥ ಪತ್ರಗಳನ್ನು ಬರೆಯುತ್ತಲೇ ಬಂದಿವೆ. ಹೊಸದಾಗಿ ಕಲಿಯಬೇಕಾದುದೇನೂ ಇಲ್ಲ.

3. ದೇಶದ ಕಾನೂನು ಮತ್ತು ಅಲ್ಪಸಂಖ್ಯಾತ ಸಂಸ್ಥೆಗಳು

2014ರ ಏಪ್ರಿಲ್ 15ರಂದು ಸರ್ವೋಚ್ಚ ನ್ಯಾಯಾಲಯವು ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರದ ಮೊಕದ್ದಮೆಯಲ್ಲಿ ತೀರ್ಪು ನೀಡಿ, ತೃತೀಯ ಲಿಂಗವನ್ನು ಮಾನ್ಯಮಾಡಿತು. ಸಾಮಾಜಿಕವಾಗಿ ಹಾಗೂ ಶೈಕ್ಷಣಿಕವಾಗಿ ಹಿಂದುಳಿದ ವರ್ಗವೆಂದು ಇವರನ್ನು ಪರಿಗಣಿಸಿ, ಶಿಕ್ಷಣ ಹಾಗೂ ಉದ್ಯೋಗಗಳಲ್ಲಿ ಮೀಸಲಾತಿ ಕಲ್ಪಿಸುವಂತೆ ಸರ್ಕಾರಗಳಿಗೆ ನಿರ್ದೇಶಿಸಿತು. 2017ರಲ್ಲಿ ಕರ್ನಾಟಕ ಸರ್ಕಾರ ಲಿಂಗತ್ವ ಅಲ್ಪಸಂಖ್ಯಾತರಿಗಾಗಿ ರಾಜ್ಯನೀತಿಯನ್ನು ಒಪ್ಪಿತು. 2019ರಲ್ಲಿ ಸಂಸತ್ತು ಹಕ್ಕುಗಳ ಸಂರಕ್ಷಣೆಯ ಕಾಯಿದೆಯನ್ನು ಅಂಗೀಕರಿಸಿತು. ಅದು 2020ರ ಜನವರಿ 10ರಂದು ಜಾರಿಗೆ ಬಂದಿತು. ಆ ಕಾಯಿದೆಯ ಮೂರನೆಯ ಪ್ರಕರಣವು ಶಿಕ್ಷಣ ಸಂಸ್ಥೆಗಳಲ್ಲಿ ಪ್ರವೇಶ ನಿರಾಕರಣೆಯನ್ನೂ ತಾರತಮ್ಯವನ್ನೂ ನಿಷೇಧಿಸುತ್ತದೆ. ಹದಿಮೂರನೆಯ ಪ್ರಕರಣವು ಸರ್ಕಾರದ ಅನುದಾನ ಅಥವಾ ಮಾನ್ಯತೆ ಪಡೆದ ಸಂಸ್ಥೆಗಳು ಎಲ್ಲರನ್ನೂ ಒಳಗೊಳ್ಳುವ ಶಿಕ್ಷಣವನ್ನೂ ಕ್ರೀಡೆ, ಮನರಂಜನೆಯ ಅವಕಾಶಗಳನ್ನೂ ನೀಡಬೇಕೆನ್ನುತ್ತದೆ. ಪ್ರತಿ ಸಂಸ್ಥೆಯೂ ದೂರುಗಳನ್ನು ಆಲಿಸುವ ಅಧಿಕಾರಿಯೊಬ್ಬರನ್ನು ನೇಮಿಸಬೇಕೆಂದು ಹನ್ನೊಂದನೆಯದು ಹೇಳುತ್ತದೆ. ನಮ್ಮ ಎಷ್ಟು ಕಾಲೇಜುಗಳ ಸೂಚನಾಫಲಕದಲ್ಲಿ ಆ ಅಧಿಕಾರಿಯ ಹೆಸರಿದೆ ಎಂದು ನಾವು ಕೇಳಿಕೊಳ್ಳಬೇಕಾಗಿದೆ.

ನಮ್ಮದು ಸಂವಿಧಾನದ 30ನೆಯ ವಿಧಿಯ ರಕ್ಷಣೆ ಪಡೆದ ಅಲ್ಪಸಂಖ್ಯಾತ ಸಂಸ್ಥೆಯಲ್ಲವೇ ಎಂದು ಕೆಲವರು ಕೇಳುತ್ತಾರೆ. ಆ ವಿಧಿ ನಮಗೆ ಸಂಸ್ಥೆಗಳನ್ನು ಸ್ಥಾಪಿಸಿ ನಡೆಸುವ ಹಕ್ಕು ನೀಡಿದೆ. ಆದರೆ ನಡೆಸುವ ಹಕ್ಕಿನಲ್ಲಿ ಕೆಟ್ಟದಾಗಿ ನಡೆಸುವ ಹಕ್ಕು ಸೇರಿಲ್ಲವೆಂಬುದನ್ನು 1958ರ ಕೇರಳ ಶಿಕ್ಷಣ ಮಸೂದೆಯ ಪ್ರಕರಣದಿಂದಲೇ ನ್ಯಾಯಾಲಯ ಸ್ಪಷ್ಟಪಡಿಸಿದೆ. ಇದಕ್ಕಿಂತ ಮುಖ್ಯವಾದುದು ಇನ್ನೊಂದು: ಒಂದು ಅಲ್ಪಸಂಖ್ಯಾತ ಸಮುದಾಯ ತನ್ನ ರಕ್ಷಣೆಗಾಗಿ ಪಡೆದ ಹಕ್ಕನ್ನು ತನಗಿಂತಲೂ ದುರ್ಬಲರಾದ ಅಲ್ಪಸಂಖ್ಯಾತರನ್ನು ಹೊರಗಿಡಲು ಬಳಸುವುದು ಯಾವ ನ್ಯಾಯ?

2021ರಲ್ಲಿ ಕರ್ನಾಟಕವು ಸರ್ಕಾರಿ ನೇಮಕಾತಿಯಲ್ಲಿ ಲಿಂಗತ್ವ ಅಲ್ಪಸಂಖ್ಯಾತರಿಗೆ ಶೇಕಡ 1ರಷ್ಟು ಸಮತಲ ಮೀಸಲಾತಿ ನೀಡಿತು. ಹೆಮ್ಮೆಯ ವಿಷಯವೇ ಸರಿ. ಆದರೆ ಪದವಿಯೇ ಇಲ್ಲದವರಿಗೆ ಪದವೀಧರರ ಹುದ್ದೆಯಲ್ಲಿ ಮೀಸಲಾತಿಯಿದ್ದು ಪ್ರಯೋಜನವೇನು? ಸರ್ಕಾರ ತೆರೆದ ಆ ಬಾಗಿಲಿಗೆ ಹೋಗುವ ದಾರಿ ಕಾಲೇಜಿನ ಪ್ರವೇಶದ ಮೇಜಿನ ಮುಂದೆಯೇ ಹಾದುಹೋಗುತ್ತದೆ.

4. ಧರ್ಮಸಭೆ ಏನನ್ನು ಬೋಧಿಸುತ್ತದೆ, ಏನನ್ನು ಬೋಧಿಸುವುದಿಲ್ಲ

ಇಲ್ಲಿ ನಾವು ಪ್ರಾಮಾಣಿಕರಾಗಿರಬೇಕು. ಕಥೋಲಿಕ ಶಿಕ್ಷಣ ಆಯೋಗವು 2019ರಲ್ಲಿ ಪ್ರಕಟಿಸಿದ, ದೇವರು ಅವರನ್ನು ಗಂಡು ಹೆಣ್ಣಾಗಿ ಸೃಷ್ಟಿಸಿದರೆಂಬ ಆದಿಕಾಂಡದ ಮಾತನ್ನೇ ಶೀರ್ಷಿಕೆಯಾಗುಳ್ಳ ದಸ್ತಾವೇಜು, ಲಿಂಗತ್ವವನ್ನು ದೇಹದಿಂದ ಸಂಪೂರ್ಣ ಬೇರ್ಪಡಿಸುವ ಸಿದ್ಧಾಂತವನ್ನು ಒಪ್ಪುವುದಿಲ್ಲ. 2024ರ ಏಪ್ರಿಲ್‌ನಲ್ಲಿ ವಿಶ್ವಾಸಬೋಧನಾ ಆಯೋಗ ಪ್ರಕಟಿಸಿದ 'ಡಿಗ್ನಿತಾಸ್ ಇನ್ಫಿನೀತಾ' ಸಹ ಅದೇ ನಿಲುವನ್ನು ಮುಂದುವರಿಸಿ, ಲಿಂಗ ಪರಿವರ್ತನೆಯ ಶಸ್ತ್ರಚಿಕಿತ್ಸೆಯ ಬಗ್ಗೆ ಗಂಭೀರ ಎಚ್ಚರಿಕೆ ನೀಡುತ್ತದೆ. ದೇಹವು ಸೃಷ್ಟಿಕರ್ತನ ವರವೆಂಬುದು ಈ ಬೋಧನೆಯ ತಿರುಳು. ಅದನ್ನು ಮರೆಮಾಚಿ ಈ ವಿಷಯವನ್ನು ಬೋಧಿಸುವವನು ತನ್ನ ವಿದ್ಯಾರ್ಥಿಗಳಿಗೆ ಸತ್ಯ ಹೇಳಿದಂತಾಗುವುದಿಲ್ಲ. ಹುಟ್ಟಿನಿಂದಲೇ ಇರುವ ದೈಹಿಕ ವ್ಯತ್ಯಾಸಗಳಿಗೆ ವೈದ್ಯಕೀಯ ನೆರವು ಪಡೆಯುವುದನ್ನು ಅದೇ ದಸ್ತಾವೇಜು ಪ್ರತ್ಯೇಕವಾಗಿ ನೋಡುತ್ತದೆ. ಅಂತರಲಿಂಗಿ ವಿದ್ಯಾರ್ಥಿಗಳ ವಿಷಯದಲ್ಲಿ ಈ ವ್ಯತ್ಯಾಸವನ್ನು ಮರೆಯಬಾರದು.

ಆದರೆ ಅವೇ ದಸ್ತಾವೇಜುಗಳನ್ನು ಪೂರ್ತಿಯಾಗಿ ಓದಬೇಕು. 2019ರ ದಸ್ತಾವೇಜು ತನ್ನ ವಿಧಾನವಾಗಿ ಮುಂದಿಡುವುದು ಮೂರು ಕ್ರಿಯೆಗಳನ್ನು: ಆಲಿಸುವುದು, ವಿವೇಚಿಸುವುದು, ಮುಂದಿಡುವುದು. ಆಲಿಸುವುದೇ ಮೊದಲನೆಯದು. ಮಕ್ಕಳು ತಮ್ಮ ವಿಶಿಷ್ಟ ಸ್ಥಿತಿಗತಿಗಳ ಕಾರಣದಿಂದ ಪೀಡನೆ, ಅವಮಾನ, ಅನ್ಯಾಯದ ತಾರತಮ್ಯಗಳಿಗೆ ಗುರಿಯಾಗದಂತೆ ಶಿಕ್ಷಣ ನೀಡಬೇಕೆಂಬುದನ್ನು ಅದು ಒಪ್ಪಿಕೊಳ್ಳುತ್ತದೆ. 'ಡಿಗ್ನಿತಾಸ್ ಇನ್ಫಿನೀತಾ'ದ ಮೂಲಸೂತ್ರವೇ ಮಾನವ ಘನತೆ ಯಾವ ಸ್ಥಿತಿಯಲ್ಲಿಯೂ ನಷ್ಟವಾಗದು ಎಂಬುದು. 2016ರ 'ಅಮೋರಿಸ್ ಲೆತೀತ್ಸಿಯಾ'ದಲ್ಲಿ ಜಗದ್ಗುರು ಫ್ರಾನ್ಸಿಸ್‌ರವರು ಸಿದ್ಧಾಂತಗಳನ್ನು ಒಪ್ಪದಿರುವುದು ಒಂದು, ಮನುಷ್ಯ ಬದುಕಿನ ಸಂಕೀರ್ಣತೆಯನ್ನು ಅರ್ಥಮಾಡಿಕೊಳ್ಳುವುದು ಇನ್ನೊಂದು ಎಂದು ಬೇರ್ಪಡಿಸಿ ತೋರಿಸಿದ್ದಾರೆ. 2023ರ ಅಕ್ಟೋಬರ್ 31ರಂದು ಅವರು ಅನುಮೋದಿಸಿದ ಉತ್ತರವೊಂದರಲ್ಲಿ, ಬ್ರೆಜಿಲ್‌ನ ಧರ್ಮಾಧ್ಯಕ್ಷರೊಬ್ಬರು ಕೇಳಿದ ಪ್ರಶ್ನೆಗೆ, ಟ್ರಾನ್ಸ್‌ಜೆಂಡರ್ ವ್ಯಕ್ತಿ ಇತರರಂತೆಯೇ ಅದೇ ಷರತ್ತುಗಳ ಮೇಲೆ ದೀಕ್ಷಾಸ್ನಾನ ಪಡೆಯಬಹುದೆಂದೂ, ಇತರ ವಿಶ್ವಾಸಿಗಳು ಎಡವುವಂಥ ಅಥವಾ ಗೊಂದಲಕ್ಕೊಳಗಾಗುವಂಥ ಸನ್ನಿವೇಶ ಉಂಟಾಗಬಾರದೆಂದೂ ವಿಶ್ವಾಸಬೋಧನಾ ಆಯೋಗ ತಿಳಿಸಿತು.

ಇದರಿಂದ ಸರಳವಾದ ತರ್ಕವೊಂದು ಮೂಡುತ್ತದೆ. ದೀಕ್ಷಾಸ್ನಾನದ ತೊಟ್ಟಿಯ ಬಳಿ ಸ್ವಾಗತಿಸಬಹುದಾದವರನ್ನು ಬಿ.ಕಾಂ. ತರಗತಿಯ ಬಾಗಿಲಿನಲ್ಲಿ ತಡೆಯಲು ಯಾವ ಕಾರಣ ಉಳಿಯುತ್ತದೆ? ಎರಡನೇ ವ್ಯಾಟಿಕನ್ ಮಹಾಸಭೆಯು 1965ರ 'ಗ್ರವಿಸ್ಸಿಮುಮ್ ಎಜುಕಾತ್ಸಿಯೋನಿಸ್' ಘೋಷಣೆಯ ಆರಂಭದಲ್ಲಿಯೇ ಎಲ್ಲ ಮಾನವರಿಗೂ ಶಿಕ್ಷಣದ ಹಕ್ಕಿದೆಯೆಂದೂ, ಆ ಹಕ್ಕು ಅವರ ಮಾನವ ಘನತೆಯಿಂದಲೇ ಹುಟ್ಟುವುದೆಂದೂ ಸಾರಿದೆ. ಮುಂದೆ, ಬಡವರ ಹಾಗೂ ಕುಟುಂಬದ ಆಸರೆ ಇಲ್ಲದವರ ಬಗ್ಗೆ ಕಥೋಲಿಕ ಶಾಲೆಗಳು ವಿಶೇಷ ಕಾಳಜಿ ವಹಿಸಬೇಕೆಂದು ಹೇಳಿದೆ. ಮನೆಯಿಂದ ಹೊರಹಾಕಲ್ಪಟ್ಟ ಲಿಂಗತ್ವ ಅಲ್ಪಸಂಖ್ಯಾತ ವಿದ್ಯಾರ್ಥಿ ಈ ಮಾತಿನ ವ್ಯಾಪ್ತಿಯಲ್ಲಿ ಬರುವುದಿಲ್ಲವೇ?

5. ರಥದಲ್ಲಿ ನಡೆದ ಪಾಠ

ಪ್ರೇಷಿತರ ಕಾರ್ಯಕಲಾಪಗಳು ಗ್ರಂಥದ ಎಂಟನೆಯ ಅಧ್ಯಾಯದಲ್ಲಿ ಬರುವ ಐಥಿಯೋಪ್ಯದ ಕಂಚುಕಿಯ ಪ್ರಸಂಗ ನಮಗೆಲ್ಲ ಚಿರಪರಿಚಿತ. ಪ್ರಾಚೀನ ಕಾಲದ ಕಂಚುಕಿಯೂ ಇಂದಿನ ಟ್ರಾನ್ಸ್‌ಜೆಂಡರ್ ವ್ಯಕ್ತಿಯೂ ಒಂದೇ ಎನ್ನುವುದು ಸರಿಯಾದ ಬೈಬಲ್ ವ್ಯಾಖ್ಯಾನವಾಗದು. ಒಬ್ಬನದು ರಾಜಸೇವೆಗಾಗಿ ಸಾಮಾನ್ಯವಾಗಿ ಇತರರು ಹೇರಿದ ದೈಹಿಕ ಸ್ಥಿತಿ, ಮತ್ತೊಬ್ಬರದು ಒಳಗಿನ ಅರಿವಿನ ಪ್ರಶ್ನೆ. ಆದರೂ ಒಂದು ಸಾಮ್ಯ ಉಳಿಯುತ್ತದೆ: ಗಂಡು ಹೆಣ್ಣೆಂಬ ರೂಢಿಯ ವರ್ಗಗಳಲ್ಲಿ ಹೊಂದದ ಕಾರಣ ಸಭೆಯ ಹೊರಗೆ ನಿಲ್ಲಬೇಕಾದ ಸ್ಥಿತಿ. ಧರ್ಮೋಪದೇಶಕಾಂಡದ 23ನೆಯ ಅಧ್ಯಾಯ ಅಂಥವರನ್ನು ಸರ್ವೇಶ್ವರನ ಸಭೆಗೆ ಸೇರಿಸಬಾರದೆಂದಿತ್ತು. ಯೆಶಾಯ ಪ್ರವಾದಿಯ 56ನೆಯ ಅಧ್ಯಾಯವಾದರೋ, ತನ್ನನ್ನು ಒಣಗಿದ ಮರವೆಂದು ಅವನು ಹಳಿದುಕೊಳ್ಳಬಾರದೆಂದೂ, ದೇವಾಲಯದೊಳಗೇ ಅವನಿಗೆ ಮಕ್ಕಳಿಗಿಂತಲೂ ಮಿಗಿಲಾದ ಹೆಸರು ದೊರೆಯುವುದೆಂದೂ ವಾಗ್ದಾನ ಮಾಡುತ್ತದೆ.

ಯೆರೂಸಲೇಮಿನಿಂದ ಮರಳುತ್ತಿದ್ದ ಕಂಚುಕಿ ಓದುತ್ತಿದ್ದುದು ಅದೇ ಯೆಶಾಯನ ಗ್ರಂಥವನ್ನು, ಆ ವಾಗ್ದಾನಕ್ಕೆ ಮೂರು ಅಧ್ಯಾಯಗಳಷ್ಟು ಹಿಂದಿನ ಭಾಗವನ್ನು. ಫಿಲಿಪ್ಪನು ಮೊದಲು ಕೇಳಿದ್ದು ಅವನ ದೇಹದ ಬಗ್ಗೆ ಅಲ್ಲ, ಓದಿನ ಬಗ್ಗೆ: ಓದುತ್ತಿರುವುದು ಅರ್ಥವಾಗುತ್ತಿದೆಯೇ ಎಂದು. ತಿಳಿಸಿಕೊಡುವವರಿಲ್ಲದೆ ಹೇಗೆ ಅರ್ಥವಾದೀತು ಎಂದು ಆತ ಮರುಪ್ರಶ್ನೆ ಹಾಕಿದ. ಫಿಲಿಪ್ಪನು ರಥ ಹತ್ತಿ ಪಕ್ಕದಲ್ಲಿ ಕುಳಿತ. ಗಮನಿಸಬೇಕು: ಮೊದಲು ಕುಳಿತ, ಅನಂತರ ಬೋಧಿಸಿದ. ಕಲಿಯಬಯಸುವ ಒಬ್ಬನೂ ಕಲಿಸಬಲ್ಲ ಒಬ್ಬನೂ ಜೊತೆಯಾಗಿ ಕುಳಿತ ಈ ದೃಶ್ಯ ಒಂದು ತರಗತಿಯೇ ಅಲ್ಲವೇ? ಕೊನೆಗೆ ಕಂಚುಕಿ ಕೇಳಿದ್ದು ತನಗೆ ಅಡ್ಡಿಯೇನಿದೆ ಎಂದು. ಅಡ್ಡಿಗಳ ಪಟ್ಟಿ ಮಾಡುವುದಾಗಿದ್ದರೆ ಫಿಲಿಪ್ಪನಿಗೆ ಧರ್ಮಶಾಸ್ತ್ರದ ಆಧಾರಗಳಿದ್ದವು. ಅವನು ಪಟ್ಟಿ ಮಾಡಲಿಲ್ಲ. ರಥ ನಿಂತಿತು, ಇಬ್ಬರೂ ನೀರಿಗೆ ಇಳಿದರು.

6. ಕೆಲವು ಕಠಿಣ ಪ್ರಶ್ನೆಗಳು

ಹೆಸರು ಮತ್ತು ಸಂಬೋಧನೆ. ವಿದ್ಯಾರ್ಥಿ ತಾವು ಬಯಸಿದ ಹೆಸರಿನಿಂದ ಕರೆಯಿರಿ ಎಂದರೆ, ಹಾಗೆ ಕರೆಯುವುದು ನಾವು ಒಪ್ಪದ ಸಿದ್ಧಾಂತಕ್ಕೆ ಸಹಿ ಹಾಕಿದಂತೆಯೇ? ಹಾಗೆಂದು ನನಗೆ ತೋರುವುದಿಲ್ಲ. ನೈತಿಕ ದೈವಶಾಸ್ತ್ರವು ಮತ್ತೊಬ್ಬರ ಸಂಕಲ್ಪದಲ್ಲಿ ಮನಸಾರೆ ಪಾಲ್ಗೊಳ್ಳುವುದನ್ನೂ, ಅವರೊಡನೆ ಬದುಕುವಾಗ ಅನಿವಾರ್ಯವಾಗಿ ಒದಗುವ ವ್ಯವಹಾರವನ್ನೂ ಬೇರೆಯಾಗಿಯೇ ನೋಡುತ್ತದೆ. ಹಾಜರಿ ಕರೆಯುವುದು ತತ್ತ್ವಶಾಸ್ತ್ರದ ಹೇಳಿಕೆಯಲ್ಲ. ತರಗತಿಯಲ್ಲಿ ಹಳೆಯ ಹೆಸರನ್ನು ಕೂಗಿ ಅರವತ್ತು ಮಂದಿಯ ಮುಂದೆ ನಗೆಪಾಟಲು ಮಾಡುವುದು ಮಾತ್ರ ಖಂಡಿತವಾಗಿ ನೈತಿಕ ಕ್ರಿಯೆಯೇ, ಕೆಟ್ಟ ಕ್ರಿಯೆ. ಇನ್ನು ಸರ್ವನಾಮದ ವಿಷಯ. ಇಲ್ಲಿ ನಮ್ಮ ಕನ್ನಡವೇ ನೆರವಿಗೆ ಬರುತ್ತದೆ. 'ಅವನು', 'ಅವಳು' ಎಂಬಲ್ಲಿ ಲಿಂಗವಿದೆ. 'ಅವರು', 'ನೀವು' ಎಂಬಲ್ಲಿ ಗೌರವವಿದೆ, ಲಿಂಗವಿಲ್ಲ. ಎಲ್ಲ ವಿದ್ಯಾರ್ಥಿಗಳನ್ನೂ ಬಹುವಚನದಲ್ಲಿ ಮಾತನಾಡಿಸುವ ಅಧ್ಯಾಪಕನಿಗೆ ಈ ತೊಡಕು ಹುಟ್ಟುವುದೇ ಇಲ್ಲ.

ಗೋಪ್ಯತೆ. ನಾನ್-ಬೈನರಿ ವಿದ್ಯಾರ್ಥಿಗೆ ಅರ್ಜಿಯಲ್ಲಿ ಎರಡೇ ಕಲಂಗಳಿದ್ದರೆ ಕಷ್ಟ. ಮೂರನೆಯದಿದ್ದರೂ ಅದನ್ನು ಗುರುತು ಹಾಕಿದೊಡನೆ ಕಚೇರಿಯೆಲ್ಲ ಅರಿಯುವುದಾದರೆ ಅದೂ ಕಷ್ಟವೇ. ಆ ಮಾಹಿತಿ ಯಾರ ಕೈಸೇರಬೇಕು, ಯಾರ ಕೈಸೇರಬಾರದು ಎಂಬುದನ್ನು ಪ್ರಾಂಶುಪಾಲರು ಮೊದಲೇ ನಿರ್ಧರಿಸಬೇಕು. ವಿದ್ಯಾರ್ಥಿ ನಂಬಿ ಹೇಳಿದ್ದನ್ನು ಪೋಷಕರ ಸಭೆಯಲ್ಲಿ ಬಯಲು ಮಾಡಿ, ಅವರು ಮನೆ ಕಳೆದುಕೊಳ್ಳುವಂತೆ ಮಾಡಬಾರದು. ವ್ಯಕ್ತಿಯ ಸತ್ಕೀರ್ತಿ ಮತ್ತು ಖಾಸಗಿತನವನ್ನು ರಕ್ಷಿಸುವ ಧರ್ಮಸಭೆಯ ಕಾನೂನು ಸಂಹಿತೆಯ 220ನೆಯ ನಿಯಮ ಇಲ್ಲಿ ನೇರವಾಗಿ ಅನ್ವಯಿಸುತ್ತದೆ.

ಹಾಸ್ಟೆಲ್ ಮತ್ತು ಶೌಚಾಲಯ. ಇದು ನಿಜವಾಗಿಯೂ ಕಠಿಣ. ಇತರ ವಿದ್ಯಾರ್ಥಿಗಳ, ಮುಖ್ಯವಾಗಿ ಹೆಣ್ಣುಮಕ್ಕಳ, ಸುರಕ್ಷತೆ ಮತ್ತು ಸಂಕೋಚಗಳನ್ನೂ ಗೌರವಿಸಬೇಕು. ಆದರೆ ಕಠಿಣವೆಂಬುದು ಅಸಾಧ್ಯವೆಂದಲ್ಲ. ಒಳಗಿನಿಂದ ಚಿಲಕವಿರುವ, ಒಬ್ಬರೇ ಬಳಸುವ ಶೌಚಾಲಯ ಅನೇಕ ಕಾಲೇಜುಗಳಲ್ಲಿ ಅಂಗವಿಕಲರಿಗಾಗಿ ಈಗಾಗಲೇ ಇದೆ. ಅಂಥದ್ದೇ ಇನ್ನೊಂದು ಸಾಕು. ಹಾಸ್ಟೆಲ್‌ನಲ್ಲಿ ಒಂದು ಒಂಟಿಕೋಣೆ, ಹತ್ತಿರದಲ್ಲಿ ಜವಾಬ್ದಾರಿಯುತ ವಾರ್ಡನ್. ಏನು ಅನುಕೂಲವೆಂದು ಆ ವಿದ್ಯಾರ್ಥಿಯನ್ನೇ ಕೇಳುವುದು ಎಲ್ಲಕ್ಕಿಂತ ಮೊದಲು. 2017ರಲ್ಲಿ ಕೊಚ್ಚಿ ಮೆಟ್ರೋ ಲಿಂಗತ್ವ ಅಲ್ಪಸಂಖ್ಯಾತರನ್ನು ಕೆಲಸಕ್ಕೆ ತೆಗೆದುಕೊಂಡಾಗ ಕೆಲವರು ಬೇಗನೆ ಕೆಲಸ ಬಿಡಬೇಕಾಯಿತು. ಬಾಡಿಗೆಗೆ ಮನೆ ಕೊಡುವವರಿರಲಿಲ್ಲ. ಆಗ ವಸತಿಗೆ ಮುಂದಾದವರಲ್ಲಿ ಕಾರ್ಮೆಲ್ ಮಾತೆಯ ಸಭೆಯ ಧಾರ್ಮಿಕ ಭಗಿನಿಯರಿದ್ದರು. ಅದಕ್ಕೂ ಮುಂಚೆ, 2016ರ ಡಿಸೆಂಬರ್ ಕೊನೆಯಲ್ಲಿ, ಓದು ಬಿಟ್ಟ ಲಿಂಗತ್ವ ಅಲ್ಪಸಂಖ್ಯಾತರಿಗಾಗಿ ಅದೇ ನಗರದಲ್ಲಿ 'ಸಹಜ್' ಎಂಬ ಶಾಲೆ ಆರಂಭವಾದಾಗ ಕಟ್ಟಡ ಕೊಟ್ಟವರೂ ಅದೇ ಸಭೆಯವರು. ಕಲಿಯುವವರಿಗೆ ತಲೆಯ ಮೇಲೊಂದು ಸೂರು ಬೇಕೆಂಬುದನ್ನು ಆ ಭಗಿನಿಯರು ಕಂಡುಕೊಂಡಿದ್ದರು.

ಮಹಿಳಾ ಕಾಲೇಜುಗಳು. ಮಂಗಳೂರಿನ ಸಂತ ಆಗ್ನೆಸ್ ಕಾಲೇಜನ್ನು ಅಪೊಸ್ತಲಿಕ್ ಕಾರ್ಮೆಲ್ ಭಗಿನಿಯರು 1921ರಲ್ಲಿ ಆರಂಭಿಸಿದಾಗ ಹೆಣ್ಣುಮಕ್ಕಳು ಕಾಲೇಜಿಗೆ ಹೋಗುವುದೇ ಅಪರೂಪವಾಗಿತ್ತು. ಮಹಿಳಾ ಕಾಲೇಜುಗಳ ಮೂಲ ಉದ್ದೇಶ ಹೊರಗುಳಿದವರಿಗೆ ಸುರಕ್ಷಿತವಾದ ಕಲಿಕೆಯ ತಾಣ ಒದಗಿಸುವುದು. ಮಹಿಳೆಯೆಂದು ದಾಖಲೆ ಪಡೆದ ಟ್ರಾನ್ಸ್ ವಿದ್ಯಾರ್ಥಿನಿಯ ಅರ್ಜಿ ಅಲ್ಲಿಗೆ ಬಂದಾಗ, ಆಡಳಿತ ಮಂಡಳಿ ಧರ್ಮಾಧ್ಯಕ್ಷರೊಡನೆ ಹಾಗೂ ಕಾನೂನು ತಜ್ಞರೊಡನೆ ಸಮಾಲೋಚಿಸಿ ನಿರ್ಧರಿಸಲಿ. ಆದರೆ ಆ ನಿರ್ಧಾರ ಲಿಖಿತ ನೀತಿಯಾಗಿ ಅರ್ಜಿಗೆ ಮುಂಚೆಯೇ ಇರಬೇಕು. ಮೇಜಿನ ಮುಂದೆ ನಿಂತವರ ಮುಖ ನೋಡಿ ರೂಪಿಸುವಂಥದ್ದಾಗಬಾರದು.

ಜನರ ಮಾತು. "ಇತರ ಪೋಷಕರು ಏನೆಂದುಕೊಳ್ಳುತ್ತಾರೆ? ಇದು ಎಡವಿಗೆ ಕಾರಣವಾಗದೇ?" ಎಂಬ ಪ್ರಶ್ನೆಯೂ ಬರುತ್ತದೆ. ದೈವಶಾಸ್ತ್ರದಲ್ಲಿ ಎಡವು ಎಂದರೆ ಮತ್ತೊಬ್ಬರನ್ನು ಪಾಪಕ್ಕೆ ನಡೆಸುವುದು, ನೆರೆಹೊರೆಯವರು ಆಡಿಕೊಳ್ಳುವುದಲ್ಲ. ಒಬ್ಬ ವಿದ್ಯಾರ್ಥಿ ಲೆಕ್ಕಶಾಸ್ತ್ರ ಕಲಿಯುವುದರಿಂದ ಯಾರೂ ಪಾಪದಲ್ಲಿ ಬೀಳುವುದಿಲ್ಲ. ಕ್ರೈಸ್ತ ಕಾಲೇಜು ಒಬ್ಬರನ್ನು ಹೊರದೂಡಿತು ಎಂದು ಕೇಳಿ, ಕ್ರಿಸ್ತರ ಬಗ್ಗೆಯೇ ಮನಸ್ಸು ಮುರಿದುಕೊಳ್ಳುವವರು ಮಾತ್ರ ನಿಜವಾಗಿ ಎಡವುತ್ತಾರೆ.

7. ಧರ್ಮಕೇಂದ್ರದ ಗು‍ರುಗಳಿಗೆ ಒಂದು ಮಾತು

ಕ್ರೈಸ್ತ ಅಲ್ಪಸಂಖ್ಯಾತ ಕೋಟಾದಲ್ಲಿ ಪ್ರವೇಶ ಬಯಸುವವರಿಂದ ನಮ್ಮ ಹಲವು ಕಾಲೇಜುಗಳು ದೀಕ್ಷಾಸ್ನಾನದ ಪ್ರಮಾಣಪತ್ರವನ್ನೋ ಧರ್ಮಕೇಂದ್ರದ ಗುರುಗಳ ಪತ್ರವನ್ನೋ ಕೇಳುತ್ತವೆ. ಹೀಗಾಗಿ ಪ್ರವೇಶದ ಮೇಜು ಕಾಲೇಜಿನಲ್ಲಷ್ಟೇ ಇಲ್ಲ, ನಮ್ಮ ಗುರುಮನೆಯ ಜಗಲಿಯಲ್ಲಿಯೂ ಇದೆ. ಬದಲಾದ ಹೆಸರಿನ ಯುವವಿಶ್ವಾಸಿ ಪತ್ರ ಕೇಳಲು ಬಂದಾಗ ಏನು ಮಾಡಬೇಕು?

ದೀಕ್ಷಾಸ್ನಾನದ ದಾಖಲೆ ಪುಸ್ತಕ ಅಂದು ನಡೆದ ಸಂಸ್ಕಾರದ ಸಾಕ್ಷ್ಯ. ಅದನ್ನು ಧರ್ಮಕೇಂದ್ರದ ಗುರು ತಾನಾಗಿಯೇ ತಿದ್ದುವಂತಿಲ್ಲ. ಅಂಚಿನ ಟಿಪ್ಪಣಿಯ ಅಗತ್ಯ ಬಂದರೆ ಧರ್ಮಕ್ಷೇತ್ರದ ಕಾರ್ಯಾಲಯವನ್ನು ಕೇಳಬೇಕು. ಆದರೆ ಅಷ್ಟಕ್ಕಾಗಿ ಪತ್ರವನ್ನೇ ನಿರಾಕರಿಸಬೇಕಾಗಿಲ್ಲ. ದಾಖಲೆಯಲ್ಲಿದ್ದಂತೆ ಪ್ರಮಾಣಪತ್ರ ಕೊಟ್ಟು, ಜೊತೆಗೆ ಪ್ರತ್ಯೇಕವಾದ ಪತ್ರವೊಂದರಲ್ಲಿ, ಈ ಹೆಸರಿನಿಂದ ದೀಕ್ಷಾಸ್ನಾನ ಪಡೆದವರೇ ಈಗ ಇಂಥ ಹೆಸರಿನಿಂದ ಅರ್ಜಿ ಸಲ್ಲಿಸುತ್ತಿರುವವರು, ಇವರು ನಮ್ಮ ಧರ್ಮಕೇಂದ್ರಕ್ಕೆ ಸೇರಿದವರು ಎಂದು ಬರೆದುಕೊಡಬಹುದು. ಅದರಲ್ಲಿ ಸುಳ್ಳೂ ಇಲ್ಲ, ಸಿದ್ಧಾಂತವೂ ಇಲ್ಲ, ಇರುವುದು ಸತ್ಯಸಂಗತಿ. ಮನೆಯವರೊಡನೆ ಮಾತನಾಡುವುದು ಸಾಧ್ಯವಿದ್ದರೆ, ವಿದ್ಯಾರ್ಥಿಯ ಒಪ್ಪಿಗೆಯಿಂದ ಮಾತನಾಡಬೇಕು. ಜಿಲ್ಲಾಧಿಕಾರಿಗಳ ಕಚೇರಿಗೆ ಒಬ್ಬರೇ ಹೋಗಲು ಅಂಜುವವರೊಡನೆ ಧರ್ಮಕೇಂದ್ರದ ಹಿರಿಯರೊಬ್ಬರನ್ನು ಕಳುಹಿಸಬೇಕು. ಕೇಂದ್ರ ಸರ್ಕಾರವು 2022ರಲ್ಲಿ ಆರಂಭಿಸಿದ 'ಸ್ಮೈಲ್' ಯೋಜನೆಯಲ್ಲಿ ಒಂಬತ್ತನೆಯ ತರಗತಿಯಿಂದ ಸ್ನಾತಕೋತ್ತರದವರೆಗೆ ವಿದ್ಯಾರ್ಥಿವೇತನದ ಅವಕಾಶವಿರುವುದನ್ನು ತಿಳಿಸಬೇಕು. ಇವೆಲ್ಲ ಸಣ್ಣ ಕೆಲಸಗಳು. ಪಾಲನಾ ಸೇವೆಯ ಬಹುಭಾಗ ಇಂಥ ಸಣ್ಣ ಕೆಲಸಗಳಿಂದಲೇ ಆದುದು.

ಇನ್ನೂ ಗುರುಮಠದಲ್ಲಿರುವ ಸಹೋದರರಿಗೆ ಹೇಳುವುದು ಇಷ್ಟೆ. ಲಿಂಗತ್ವದ ಕುರಿತ ಧರ್ಮಸಭೆಯ ಬೋಧನೆಯನ್ನು ಚೆನ್ನಾಗಿ ಕಲಿಯಿರಿ. ಅದನ್ನು ನಿಷ್ಠೆಯಿಂದ, ಪ್ರೀತಿಯಿಂದ ವಿವರಿಸುವ ದಿನ ಬರುತ್ತದೆ. ಆದರೆ ಅರ್ಜಿ ಹಿಡಿದು ಬಂದವರು ಆ ದಿನ ಕೇಳುವುದು ವಿವರಣೆಯನ್ನಲ್ಲ, ಓದಲು ಒಂದು ಸ್ಥಳವನ್ನು. ಕೇಳಿದ್ದಕ್ಕೆ ಮೊದಲು ಉತ್ತರಿಸಿ.

"ಎಲ್ಲಿ ಸರಿಪಡಿಸ್ಕೋಬೇಕು ಸ್ವಾಮಿ?" ಎಂದ ಅಜ್ಜಿಗೆ ಇಂದಾದರೆ ನಾನು ಹೇಳುತ್ತಿದ್ದೆ: "ಜಿಲ್ಲಾಧಿಕಾರಿಗಳ ಕಚೇರಿಯಲ್ಲಿ, ಅಮ್ಮಾ. ನಿಧಾನವಾಗಿ ಮಾಡಿಸಿಕೊಳ್ಳೋಣ, ನಾನೂ ಒಂದು ಪತ್ರ ಬರೆದುಕೊಡುತ್ತೇನೆ. ಸದ್ಯಕ್ಕೆ ಇರುವ ಅಂಕಪಟ್ಟಿಯನ್ನೇ ಕೊಡಿ. ಸೋಮವಾರದಿಂದ ತರಗತಿಗೆ ಬರಲಿ." ಹೀಗೆ ಹೇಳಲು ಒಂದು ನಿಮಿಷ ಸಾಕಾಗಿತ್ತು. ಅಂದು ಅದನ್ನು ಹೇಳದೆ ಹೋದೆನಲ್ಲ ಎಂಬುದು ನನ್ನ ಪಶ್ಚಾತ್ತಾಪ. ಮುಂದಿನ ಜೂನ್ ತಿಂಗಳಲ್ಲಿ ನಿಮ್ಮ ಮೇಜಿನ ಮುಂದೆ ಅಂಥವರು ಬಂದು ನಿಂತಾಗ ನಿಮಗೆ ಉತ್ತರ ತಿಳಿದಿರಲಿ ಎಂಬುದು ನನ್ನ ಪ್ರಾರ್ಥನೆ.